ಕೀಳದೆ ಬಿಟ್ಟ ಪಿಂದೆಗಳು

ಎಹಿಮೆ, ಜಪಾನ್
16 ಜೂನ್ 2024

ಅಕ್ಕಾ,

ಫೋನು ಬೇಡ, ಕಾಗದ ಬರಿ ಎಂದೆಯಲ್ಲ, ಇದೋ ಬರೆಯುತ್ತಿದ್ದೇನೆ. ಒಂದು ಪುಟ ಕನ್ನಡ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ನಗಬೇಡ. ನೀನು ಹೇಳಿದ್ದು ಸರಿಯೇ ಇರಬಹುದು. ವಿಡಿಯೋದಲ್ಲಿ ನನ್ನ ಮುಖ ಕಂಡ ದಿನವೆಲ್ಲ ಚಿನ್ನು ಊಟ ಬಿಟ್ಟು, ಅತ್ತು ಅತ್ತು ಮೈ ಬಿಸಿ ಮಾಡಿಕೊಳ್ಳುತ್ತಾಳೆ ಅಂದರೆ ಹೆತ್ತವಳಾಗಿ ನಾನು ಹಟ ಮಾಡುವುದು ತಪ್ಪು. ತಿಂಗಳ ಮೊದಲ ಭಾನುವಾರ ಐದು ನಿಮಿಷ, ಅದೂ ಬರೀ ಮಾತು. ಒಪ್ಪಿದ್ದೇನೆ. ಆದರೆ ಉಳಿದ ದಿನಗಳಲ್ಲಿ ಕೈಕಾಲು ಒಂದು ಕಡೆ ನಿಲ್ಲುವುದಿಲ್ಲ ಕಣೆ. ಡ್ಯೂಟಿ ಮುಗಿಸಿ ರೂಮಿಗೆ ಬಂದರೆ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಿರುತ್ತೇನೆ.

ಅದಕ್ಕೇ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ನಮ್ಮ ವೃದ್ಧರ ಆರೈಕೆ ಕೇಂದ್ರಕ್ಕೆ ವಾರದಲ್ಲಿ ಎರಡು ದಿನ ಮೊರಿತಾ ಅಜ್ಜಿ ಅಂತ ಒಬ್ಬರು ಬರುತ್ತಾರೆ. ಎಂಬತ್ತನಾಲ್ಕು ವರ್ಷ. ಸೊಂಟ ನೆಟ್ಟಗಾಗುವುದಿಲ್ಲ, ಬಾಯಿ ಮಾತ್ರ ನಮ್ಮ ಕೆಂಪಾಜಮ್ಮ ಅಜ್ಜಿಯದೇ. ಅವರ ಮನೆ ಹಿತ್ತಲಿನಲ್ಲಿ ತರಕಾರಿ ತೋಟ, ಅದರ ಹಿಂದಿನ ಇಳಿಜಾರಿನಲ್ಲಿ ಕಲ್ಲು ಕಟ್ಟಿದ ಮೆಟ್ಟಿಲುಗಳ ಮೇಲೆ ಹನ್ನೊಂದು ಮಿಕಾನ್ ಮರ. ಮಿಕಾನ್ ಅಂದರೆ ಇಲ್ಲಿಯ ಕಿತ್ತಳೆ, ನಮ್ಮ ಕೊಡಗಿನ ಕಿತ್ತಳೆಗಿಂತ ಸಣ್ಣದು, ಬೀಜವಿಲ್ಲ. ಒಂದು ಯುಜು ಗಿಡವೂ ಇದೆ, ಮೈತುಂಬ ಮುಳ್ಳು, ವಾಸನೆ ಹೇರಳೆಕಾಯಿಯ ತಂಗಿಯ ಹಾಗೆ. ರಜೆಯ ದಿನ ನಾನು ಹೋಗಿ ಕಳೆ ಕೀಳುತ್ತೇನೆ, ಸೌತೆಬಳ್ಳಿ ಕಟ್ಟುತ್ತೇನೆ. ಬದನೆ, ಬೆಂಡೆ, ಗೆಣಸು ಎಲ್ಲ ಇದೆ. ಗೆಣಸಿಗೆ ಕಾಡುಹಂದಿ ಬರುತ್ತದೆಂದು ಸುತ್ತ ಕರೆಂಟಿನ ತಂತಿ ಎಳೆದಿದ್ದಾರೆ. ನೋಡಿ ವೀರನಹೊಸಹಳ್ಳಿಯ ಚಿಕ್ಕಪ್ಪನ ಹೊಲ ನೆನಪಾಯಿತು, ಅಲ್ಲಿ ಆನೆಗೆ, ಇಲ್ಲಿ ಹಂದಿಗೆ.

ಚಿನ್ನುವನ್ನು ಶಾಲೆಗೆ ಸೇರಿಸಿದಿರಾ? ಅವಳಪ್ಪ ಉಮಾಶಂಕರ ಬೈಕಿನಲ್ಲಿ ಹೋಗಿ ಹೆಣವಾಗಿ ಬಂದಾಗ ಅವಳಿಗೆ ಹಲ್ಲೂ ಬಂದಿರಲಿಲ್ಲ. ನಾನು ವಿಮಾನ ಹತ್ತುವಾಗ ಮೂರು ವರ್ಷ. "ನೀ ಒಂದು ನೆಲೆ ಕಾಣೋಗಂಟ ನಾ ನೋಡ್ಕತೀನಿ ಬುಡು" ಎಂದು ನೀನೇ ಅವಳನ್ನು ನನ್ನ ಸೊಂಟದಿಂದ ಎತ್ತಿಕೊಂಡೆ. ಆ ನೆಲೆ ಕಾಣುವುದೊಂದೇ ನನಗಿಲ್ಲಿ ಕೆಲಸ. ಎಲ್ಲವನ್ನೂ ಬರೆ, ಅವಳು ಉಗುರು ಕತ್ತರಿಸಿಕೊಂಡದ್ದನ್ನೂ ಬರೆ.

ರೂಪಾ

ಸಾಲಿಗ್ರಾಮ
9 ಜುಲೈ 2024

ರೂಪಾ,

ಕೋಳಿ ಕೆದರಿದ್ದರೂ ಓದಲು ಬಂತು. ಪೋಸ್ಟ್‌ಮ್ಯಾನ್ ಮುದ್ದಯ್ಯ ಜಪಾನಿನ ಸ್ಟಾಂಪು ನೋಡಿ ಅದನ್ನು ತನಗೇ ಕೊಡಬೇಕೆಂದು ಬಾಗಿಲಲ್ಲೇ ನಿಂತ. ಕೊಟ್ಟೆ, ಇನ್ನು ಕಾಗದ ಬೇಗ ತರುತ್ತಾನೆ.

ಚಿನ್ನುವನ್ನು ಒಂದನೇ ಕ್ಲಾಸಿಗೆ ಸೇರಿಸಿದ್ದಾಯಿತು. ಹೆಡ್‌ಮಾಸ್ತರು ಒಳ್ಳೆಯ ಮನುಷ್ಯ, ಹೆಚ್ಚೇನೂ ಕೇಳಲಿಲ್ಲ, ಬೇಕಾದ್ದನ್ನು ಬರೆದುಕೊಂಡರು. ಅದರ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ. ಮೊದಲ ದಿನ ಎಲ್ಲ ಮಕ್ಕಳೂ ಅತ್ತವು, ಇವಳು ಮಾತ್ರ ಪಕ್ಕದವಳ ಮೂಗು ಒರೆಸಿ "ಅಳಬ್ಯಾಡ ಕಣೆ, ಸಾಯಂಕಾಲ ಬುಡ್ತಾರೆ" ಎಂದಳಂತೆ. ಮೇಷ್ಟ್ರು ಹೇಳಿ ನಕ್ಕರು. ಉಗುರು ಶುಕ್ರವಾರ ಬಿಟ್ಟು ಯಾವ ದಿನ ಬೇಕಾದರೂ ಕತ್ತರಿಸುತ್ತೇನೆ.

ನೀನು ಬೆಂಡೆ ಬೆಳೆದಿದ್ದೀಯ ಎಂದು ಓದಿ ಹೇಳಿದೆ. ತಾನೂ ಹಿತ್ತಲಲ್ಲಿ ನಾಲ್ಕು ಬೀಜ ಊರಿದಳು. ದಿನಕ್ಕೆ ಆರು ಸಲ ಕೆದಕಿ ಮೊಳಕೆ ಬಂತಾ ಎಂದು ನೋಡುತ್ತಾಳೆ, ಅದು ಹೇಗೆ ಬಂದೀತು? ಚಡಪಡಿಕೆಯಲ್ಲಿ ನಿನ್ನ ಮಗಳೇ. ನಿನ್ನ ಭಾವ ನಾಲೆಗೆ ನೀರು ಬಿಡುವುದನ್ನೇ ಕಾಯುತ್ತ ಕೂತಿದ್ದಾರೆ, ಭತ್ತದ ಸಸಿಗೆ ಒಟ್ಲು ಹಾಕಿದ್ದಾಗಿದೆ.

ನೀನು ತೋಟ ಮಾಡಿಕೊಂಡದ್ದು ಒಳ್ಳೆಯದು. ಮಣ್ಣು ಮುಟ್ಟಿದವರಿಗೆ ಊರು ಬೇಗ ಒಗ್ಗುತ್ತೆ.

ಸುನಂದಾ

ಎಹಿಮೆ
28 ಜುಲೈ 2024

ಅಕ್ಕಾ,

ಊರು ಒಗ್ಗುತ್ತೆ ಎಂದು ಯಾಕೆ ಬರೆದೆ? ಒಗ್ಗಿಸಿಕೊಳ್ಳಲು ಬಂದವಳಲ್ಲ ನಾನು. ಇರಲಿ, ನಿನಗೊಂದು ತಮಾಷೆ ಹೇಳಬೇಕು.

ಮಿಕಾನ್ ಮರಗಳ ತುಂಬ ಪಿಂದೆ ಕಚ್ಚಿದೆ, ಗೋಲಿ ಗಾತ್ರ. ಗೊಂಚಲು ನೋಡಿ ನನಗೆ ಖುಷಿಯೋ ಖುಷಿ. ಮೊರಿತಾ ಅಜ್ಜಿ ಹಣ್ಣಿನ ಕ್ರೇಟೊಂದನ್ನು ಬೋರಲು ಹಾಕಿ ಕೂತು, "ಇಪ್ಪತ್ತೈದು ಎಲೆಗೆ ಒಂದು ಕಾಯಿ ಬಿಡು, ಮಿಕ್ಕದ್ದೆಲ್ಲ ಕಿತ್ತು ಬಿಸಾಕು" ಎಂದರು. ನನ್ನ ಜಪಾನೀ ಭಾಷೆ ಕೈಕೊಟ್ಟಿತೇನೋ ಎಂದು ಮೂರು ಸಲ ಕೇಳಿದೆ. ಇಲ್ಲ, ಹಾಗೇ ಅಂತೆ. ಪ್ರತಿ ವರ್ಷ ಎಲ್ಲರೂ ಹಾಗೇ ಮಾಡುತ್ತಾರಂತೆ. ಉಳಿದ ಕಾಯಿ ದಪ್ಪವಾಗಿ ಸಿಹಿಯಾಗುತ್ತದೆ, ಕೀಳದೆ ಹೋದರೆ ಎಲ್ಲವೂ ಹುಳಿ ಗೋಲಿಗಳಾಗಿ, ಮರ ಬಳಲಿ, ಬರುವ ವರ್ಷ ಬರಿದಾಗಿ ನಿಲ್ಲುತ್ತದೆ ಎಂದು ಅವರ ಲೆಕ್ಕ. ಎರಡು ಕಿತ್ತೆ. ಆಮೇಲೆ ಕೈ ಏಳಲಿಲ್ಲ ಅಕ್ಕ. ಪಿಂದೆ ಕೀಳುವುದು ಅಂದರೆ ನಮ್ಮಲ್ಲಿ ಎಂಥ ಮಾತು! ಹೊಗೆಸೊಪ್ಪಿನ ಹೊಲದಲ್ಲಿ ಸಾಲುಸಾಲು ಹೂವಿನ ಕುಡಿ ಮುರಿದ ಕೈ ಇದು, ಅಂಟು ಮೆತ್ತಿ ಕರ್ರಗಾದರೂ ಒಂದು ದಿನ ಅಳುಕಿದ್ದಿಲ್ಲ. ಇಲ್ಲಿ ಗೋಲಿ ಗಾತ್ರದ ಒಂದು ಕಾಯಿಯನ್ನು ಹಿಡಿದು, ಕೀಳದೆ ಬಿಟ್ಟೆ.

ನೀನು ಚಿಕ್ಕವಳಿದ್ದಾಗ ಅಂಗಡಿ ಆಟಕ್ಕೆಂದು ಹೇರಳೆ ಮರದ ಪಿಂದೆಯನ್ನೆಲ್ಲ ಲಂಗದ ತುಂಬ ಕಿತ್ತು ತಂದೆಯಲ್ಲ, ನಮ್ಮ ಕೆಂಪಾಜಮ್ಮ ಅಜ್ಜಿ ಪೊರಕೆ ಹಿಡಿದು ಬೀದಿಗುಂಟ ಅಟ್ಟಿಸಿಕೊಂಡು ಬಂದಳಲ್ಲ, ಅದು ನೆನಪಾಗಿ ಮರದ ಕೆಳಗೆ ಒಬ್ಬಳೇ ನಕ್ಕೆ. ಕೊನೆಗೇನು ಮಾಡಿದೆ ಗೊತ್ತಾ? ಮೊರಿತಾ ಅಜ್ಜಿಗೆ ಕಾಣುವ ಕಡೆಯ ಕೊಂಬೆಗಳಲ್ಲಿ ಮಾತ್ರ ನಾಲ್ಕು ಕಿತ್ತು, ಬುಟ್ಟಿಗೆ ತಾನಾಗಿ ಉದುರಿದ್ದ ಪಿಂದೆ ತುಂಬಿಸಿ ತೋರಿಸಿದೆ. ಅವರು "ಮೊತ್ತೊ, ಮೊತ್ತೊ" ಎಂದು ಕೂಗುತ್ತಲೇ ಇದ್ದರು, ಅಂದರೆ ಇನ್ನೂ, ಇನ್ನೂ. ಹಿಂದಿನ ಕೊಂಬೆಗಳು ಹಾಗೇ ಇವೆ. ಯಾರಿಗೂ ಹೇಳಬೇಡ.

ರೂಪಾ

ಎಹಿಮೆ
8 ಸೆಪ್ಟೆಂಬರ್ 2024

ಅಕ್ಕಾ,

ಆರು ವಾರವಾಯಿತು, ನಿನ್ನ ಕಾಗದವಿಲ್ಲ. ಮೊದಲ ಭಾನುವಾರ ಫೋನಿನಲ್ಲಿ ಚಿನ್ನು ಒಬ್ಬಳೇ ಮಾತಾಡಿದಳು. ದೊಡ್ಡವ್ವನಿಗೆ ಕೊಡು ಅಂದರೆ "ಕೆಲ್ಸ ಮಾಡ್ತಾವ್ಳೆ" ಎಂದಳು. ಹಿಂದೆ ನಿನ್ನ ಬಳೆ ಸದ್ದು ಕೇಳುತ್ತಿತ್ತು. ಮಗುವಿಗೇನಾದರೂ ಆಗಿದೆಯಾ? ಮುಚ್ಚಿಡುತ್ತಿದ್ದೀಯಾ? ಕೇಂದ್ರದಲ್ಲಿ ಒಬ್ಬರಿಗೆ ಮಾತ್ರೆ ಕೊಡುವುದನ್ನು ಮರೆತು ಬೈಸಿಕೊಂಡೆ. ಎರಡು ಸಾಲು ಸಾಕು, ಬರಿ.

ರೂಪಾ

ಸಾಲಿಗ್ರಾಮ
29 ಸೆಪ್ಟೆಂಬರ್ 2024

ರೂಪಾ,

ಚಿನ್ನುವಿಗೆ ಏನೂ ಆಗಿಲ್ಲ. ಆಗಿರುವುದು ನನಗೆ.

ನೀನು ಒಬ್ಬಳೇ ನಕ್ಕೆಯಲ್ಲ, ಆ ದಿನ ಅಜ್ಜಿ ಏನೆಂದು ಕೂಗಿದಳೆಂದು ನಿನಗೆ ನೆನಪಿಲ್ಲ, ನೀನು ಮೂಗು ಸುರಿಸುವ ವಯಸ್ಸಿನವಳು. ನನಗೆ ನೆನಪಿದೆ. "ಪಿಂದೆ ಕಿತ್ಯೇನೇ ಮುಂಡೇದೆ, ನಾಳೆ ನಿನ್ನ ಮಡ್ಲು ಎಂಗೆ ತುಂಬೀತು?" ಬೀದಿಯವರೆಲ್ಲ ಕೇಳಿದರು. ಮದುವೆಯಾದ ಮೇಲೆ ಮೂರು ಸಲ ಬಸಿರು ನಿಂತು, ಮೂರು ಸಲವೂ ಐದನೇ ತಿಂಗಳಿಗೆ ಹೋಯಿತು. ಮೈಸೂರಿನ ಡಾಕ್ಟರು ಗರ್ಭಕೋಶದ ಬಾಯಿ ಸಡಿಲ ಎಂದರು, ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ನಮ್ಮ ತವರೂರಿನಿಂದ ಬಂದ ಸಿದ್ದಲಿಂಗಮ್ಮ ಆ ಹೇರಳೆ ಮರದ ಕಥೆಯನ್ನು ಅವರ ಕಿವಿಗೆ ಹಾಕಿ ಹೋಗಿದ್ದಳು. ಹದಿನಾಲ್ಕು ವರ್ಷ ಅದನ್ನೇ ತಿಂದು ಅದನ್ನೇ ಕುಡಿದಿದ್ದೇನೆ. ಸುಳ್ಳೆಂದು ನನಗೂ ಗೊತ್ತು. ಗೊತ್ತಿದ್ದರೆ ಏನಾಯಿತು? ಈಗಲೂ ಹೇರಳೆಕಾಯಿ ಚಿತ್ರಾನ್ನ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ನಿನ್ನ ಕಾಗದವನ್ನು ಇನ್ನೊಂದು ಸಲ ಓದಿದೆ. ಕೆಲವನ್ನು ಕಿತ್ತರೆ ಮಿಕ್ಕದ್ದು ಸಿಹಿಯಾಗುತ್ತದೆ ಎಂದು ಯಾರಿಗೆ ಹೇಳುತ್ತಿದ್ದೀಯ? ನನ್ನ ಮನೆಯಲ್ಲಿ ಇರುವುದು ಒಂದೇ ಕಾಯಿ, ಅದೂ ಇನ್ನೊಬ್ಬರದು.

ಸುನಂದಾ

ಎಹಿಮೆ
20 ಅಕ್ಟೋಬರ್ 2024

ಅಕ್ಕಾ,

ತಪ್ಪಾಯಿತು. ದೇವರಾಣೆ ನನಗೆ ಆ ಮಾತು ಗೊತ್ತಿರಲಿಲ್ಲ. ನೀನು ಓಡುತ್ತಿದ್ದದ್ದು, ಕಾಯಿಗಳು ಉರುಳಿದ್ದು ಅಷ್ಟೇ ನೆನಪು. ನಿನ್ನ ಕಾಗದ ಓದಿ ಬಾತ್‌ರೂಮಿನಲ್ಲಿ ನೀರು ಬಿಟ್ಟುಕೊಂಡು ಅತ್ತೆ. ಕಾಲು ಹಿಡಿಯುವಷ್ಟು ಹತ್ತಿರವಿದ್ದಿದ್ದರೆ ಹಿಡಿಯುತ್ತಿದ್ದೆ.

ನನಗೂ ಶಾಸ್ತಿಯಾಗಿದೆ. ಕೀಳದೆ ಬಿಟ್ಟ ಕೊಂಬೆಗಳಲ್ಲಿ ಕಾಯಿ ಒತ್ತೊತ್ತಾಗಿ ತೂಗುತ್ತಿದ್ದವು. ಕಳೆದ ವಾರ ಗಾಳಿಮಳೆಗೆ ಎರಡು ಮರದ ದೊಡ್ಡ ಕೊಂಬೆಗಳೇ ಬುಡದಿಂದ ಸಿಗಿದು ಬಿದ್ದವು. ಮೊರಿತಾ ಅಜ್ಜಿ ಕೋಲೂರಿಕೊಂಡು ಬಂದು ನೋಡಿ, ನನ್ನ ಮುಖ ನೋಡಿದರು. ಸುಳ್ಳು ಒಪ್ಪಿಕೊಂಡೆ. ಯಾಕೆ ಕೀಳಲಾಗಲಿಲ್ಲ ಎಂದು ನನಗೆ ಬಂದ ಭಾಷೆಯಲ್ಲಿ ಹೇಳಿದೆ. ಅವರು ಬೈಯಲಿಲ್ಲ. ಗರಗಸ ತರಿಸಿ, ಸಿಗಿದ ಜಾಗವನ್ನು ನುಣ್ಣಗೆ ಕೊಯ್ಯುವುದು, ಮೇಲೆ ಮುಲಾಮು ಹಚ್ಚುವುದು ತೋರಿಸಿದರು. "ಮರ ನಿನ್ನ ಊರಿನ ಮಾತು ಕೇಳುವುದಿಲ್ಲ" ಎಂದರು. ಬಿದ್ದ ಹುಳಿಕಾಯಿಗಳಿಗೆ ಉಪ್ಪು ಖಾರ ಹಾಕಿ ಉಪ್ಪಿನಕಾಯಿ ಮಾಡಿದೆ, ಕೇಂದ್ರದ ಮುದುಕರೆಲ್ಲ ಬೆವರು ಒರೆಸಿಕೊಂಡು ತಿಂದರು.

ಅವರ ಮನೆಯ ಹಿಂದೆ ಒಂದು ಚಿಕ್ಕ ಮನೆಯಿದೆ, ಎರಡು ಕೋಣೆ, ಅಡುಗೆಮನೆಯ ಕಿಟಕಿ ಬದನೆ ಮಡಿಗೇ ತೆರೆಯುತ್ತದೆ. ತೋಟ ನೋಡಿಕೊಳ್ಳುವುದಾದರೆ ಅಲ್ಲಿರಬಹುದು ಎಂದಿದ್ದಾರೆ. ಹೂಂ ಎಂದಿದ್ದೇನೆ. ಯಾಕೆಂದು ಈಗ ಕೇಳಬೇಡ, ಆಗುವ ಮುಂಚೆ ಬಾಯಿ ಬಿಟ್ಟರೆ ಕೆಡುತ್ತದೆ ಎಂಬ ಭಯ. ಇನ್ನು ಸ್ವಲ್ಪ ದಿನ ಕಾಗದ ಬರೆಯಲು ಬಿಡುವಾಗದೆ ಹೋಗಬಹುದು. ಸಿಟ್ಟಾಗಬೇಡ.

ರೂಪಾ

ಸಾಲಿಗ್ರಾಮ
14 ನವೆಂಬರ್ 2024

ರೂಪಾ,

ಸಿಟ್ಟು ಇಳಿಯಿತು. ನಿನ್ನ ಮೇಲೆ ಎಷ್ಟು ದಿನ ಹಲ್ಲು ಕಚ್ಚಿಕೊಂಡಿರಲಿ?

ನಿನ್ನ ಕಾಗದವನ್ನು ನಾನೂ ನಿನ್ನ ಭಾವನೂ ಓದಿದೆವು. ಎರಡು ಕೋಣೆಯ ಮನೆ, ಬಾಯಿ ಬಿಟ್ಟರೆ ಕೆಡುತ್ತದೆ ಎನ್ನುವ ಮಾತು. ನನಗೆ ಅಷ್ಟೂ ಅರ್ಥವಾಗುವುದಿಲ್ಲವೇನೆ? ಯಾರಾದರೂ ಮನಸ್ಸಿಗೆ ಹಿಡಿದವರು ಸಿಕ್ಕಿದ್ದರೆ ನಾಚಿಕೆ ಬೇಡ. ಉಮಾಶಂಕರ ಹೋಗಿ ಐದು ವರ್ಷ, ನಿನಗಿನ್ನೂ ಮೂವತ್ತೆರಡು. ಅಲ್ಲಿಯವನೇ ಆದರೂ ಸರಿ, ಕುಡಿಯದವನಾಗಿದ್ದರೆ ಸಾಕು. ಊರಿನವರ ಬಾಯಿ ನಾನು ಮುಚ್ಚಿಸುತ್ತೇನೆ.

ಚಿನ್ನುವಿನ ಚಿಂತೆ ನಿನಗೆ ಬೇಡ. ಹೊಸ ಮನುಷ್ಯ, ಹೊಸ ಊರು, ಅವಳನ್ನು ಅಲ್ಲಿಗೆ ಎಳೆದಾಡುವುದು ಯಾಕೆ? ಇಲ್ಲಿ ಅವಳಿಗೆ ಎಲ್ಲ ಒಗ್ಗಿದೆ. ನೀನು ವರ್ಷಕ್ಕೊಮ್ಮೆ ಬಂದು ನೋಡಿಕೊಂಡು ಹೋಗು. ಅವಳ ಬೆಂಡೆಗಿಡ ಕೊನೆಗೂ ಎರಡು ಉಳಿದು, ಏಳು ಕಾಯಿ ಬಿಟ್ಟವು. ಹುಳಿಗೆ ಹಾಕಿ ಎಲ್ಲರಿಗೂ ಒಂದೊಂದು ಬಡಿಸಿದಳು.

ಈ ಕಾಗದ ಬರೆದು ಮನಸ್ಸು ಹಗುರಾಯಿತು.

ಸುನಂದಾ

ಎಹಿಮೆ
30 ಮಾರ್ಚ್ 2025

ಅಕ್ಕಾ,

ಯಾವ ಗಂಡಸೂ ಇಲ್ಲ ಮಾರಾಯ್ತಿ! ನಿನ್ನ ಕಾಗದ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉತ್ತರ ಬರೆಯಲು ಕೂತರೆ ವಿಷಯ ಬಾಯಿಂದ ಬಿದ್ದುಬಿಡುತ್ತಿತ್ತು, ಅದಕ್ಕೇ ನಾಲ್ಕು ತಿಂಗಳು ಸುಮ್ಮನಿದ್ದೆ.

ಜನವರಿಯಲ್ಲಿ ಆರೈಕೆ ಕೆಲಸದವರ ಸರ್ಕಾರಿ ಪರೀಕ್ಷೆ ಬರೆದೆ, ಇಲ್ಲಿಯ ಭಾಷೆಯಲ್ಲೇ. ಪಾಸಾದೆ! ಪಾಸಾದವರ ವೀಸಾ ಬೇರೆ ಥರ. ಮಕ್ಕಳನ್ನು ಕರೆಸಿಕೊಳ್ಳಬಹುದು. ಅಕ್ಕ, ಚಿನ್ನುವನ್ನು ಕರೆಸಿಕೊಳ್ಳಬಹುದು! ಆ ಮನೆಗೆ ಹೂಂ ಎಂದದ್ದೂ ಅದಕ್ಕೇ, ಮಗು ಇರಲು ಜಾಗವಿದೆ ಎಂದು ತೋರಿಸಬೇಕು. ಫೆಬ್ರವರಿಯಲ್ಲೇ ಬಂದು ಸೇರಿದ್ದೇನೆ. ಒಂದು ಕೋಣೆಗೆ ಹಳದಿ ಪರದೆ ಹಾಕಿದ್ದೇನೆ. ತೋಟದಲ್ಲಿ ಅವಳಿಗೆಂದು ಒಂದು ಮಡಿ ಅಗೆದು ಗೊಬ್ಬರ ಹಾಕಿ ಬಿಟ್ಟಿದ್ದೇನೆ, ಅವಳೇ ಬಂದು ಬೆಂಡೆ ಊರಲಿ, ಎಷ್ಟು ಸಲ ಬೇಕಾದರೂ ಕೆದಕಲಿ. ಶಾಲೆ ನಡೆದು ಹೋಗುವ ದೂರ.

ಬೇಕಾದದ್ದು ಮೂರು. ಅವಳ ಜನನ ಪ್ರಮಾಣಪತ್ರ, ಆಧಾರ್, ಶಾಲೆಯಿಂದ ವ್ಯಾಸಂಗ ಪತ್ರ. ಮೊದಲು ಪಾಸ್‌ಪೋರ್ಟ್ ಆಗಬೇಕು. ಬೇಗ ಕಳಿಸು, ನನಗೆ ಒಂದು ನಿಮಿಷ ನಿಂತ ಕಡೆ ನಿಲ್ಲಲಾಗುತ್ತಿಲ್ಲ.

ರೂಪಾ

ಸಾಲಿಗ್ರಾಮ
22 ಏಪ್ರಿಲ್ 2025

ರೂಪಾ,

ಪಾಸಾದದ್ದು ಕೇಳಿ ನಿನ್ನ ಭಾವ ಓಣಿಗೆಲ್ಲ ಮೈಸೂರುಪಾಕು ಹಂಚಿದರು.

ಶಾಲೆಗೆ ಬೇಸಿಗೆ ರಜೆ, ಹೆಡ್‌ಮಾಸ್ತರು ಅವರ ಊರಿಗೆ ಹೋಗಿದ್ದಾರೆ. ಜನನ ಪ್ರಮಾಣಪತ್ರ ಯಾವ ಪೆಟ್ಟಿಗೆಯಲ್ಲಿದೆಯೋ ಹುಡುಕಬೇಕು. ಚಿನ್ನುವಿಗೆ ಮೈಮೇಲೆ ಗುಳ್ಳೆ ಎದ್ದಿದೆ, ಬೇವಿನ ಸೊಪ್ಪಿನಲ್ಲಿ ಮಲಗಿಸಿದ್ದೇನೆ, ಭಯಪಡುವಂಥದ್ದಲ್ಲ. ಇಂಥ ಹೊತ್ತಿನಲ್ಲಿ ಆಫೀಸು ಸುತ್ತುವುದಕ್ಕಾಗುವುದಿಲ್ಲ. ಅಷ್ಟೊಂದು ಆತುರ ಯಾಕೆ? ಅವಳಿಗೆ ಆ ಭಾಷೆಯ ಒಂದಕ್ಷರ ಬಾರದು. ಇನ್ನೊಂದು ವರ್ಷ ಕಳೆದರೆ ತಿಳಿವಳಿಕೆ ಬರುತ್ತದೆ.

ಸುನಂದಾ

ಎಹಿಮೆ
25 ಮೇ 2025

ಅಕ್ಕಾ,

ಈ ವರ್ಷ ಕೀಳಲು ಪಿಂದೆಯೇ ಇಲ್ಲ. ನಾನು ಕೀಳದೆ ಬಿಟ್ಟ ಮರಗಳು ಹೂವನ್ನೇ ಬಿಡಲಿಲ್ಲ, ಬರೀ ಎಲೆ. ಮೊರಿತಾ ಅಜ್ಜಿ ಕ್ರೇಟಿನ ಮೇಲೆ ಕೂತು ಸುಮ್ಮನೆ ನೋಡುತ್ತಾರೆ. ನನಗೆ ಅವರ ಕಣ್ಣು ತಪ್ಪಿಸಿ ಓಡಾಡುವುದೇ ಒಂದು ಕೆಲಸವಾಗಿದೆ.

ಗುಳ್ಳೆ ವಾಸಿಯಾಗಿದೆ ಎಂದು ಫೋನಿನಲ್ಲಿ ಚಿನ್ನುವೇ ಹೇಳಿದಳು. ಪೆಟ್ಟಿಗೆ ಹುಡುಕಲು ಎರಡು ತಿಂಗಳು ಬೇಕೇ? ಆ ಪ್ರಮಾಣಪತ್ರ ದೇವರ ಗೂಡಿನ ಕೆಳಗಿನ ಟ್ರಂಕಿನಲ್ಲಿದೆ, ನಾನೇ ಇಟ್ಟು ಬಂದದ್ದು. ನೇರವಾಗಿ ಕೇಳುತ್ತೇನೆ. ನನ್ನ ಮಗಳನ್ನು ಕೊಡುತ್ತೀಯೋ ಇಲ್ಲವೋ? ಫೋನು ಬೇಡ ಎಂದದ್ದು ಅವಳ ಜ್ವರಕ್ಕೋ, ನಿನ್ನ ಅನುಕೂಲಕ್ಕೋ? ನನಗೆ ಮದುವೆ ಮಾಡಿಸಲು ಹೊರಟದ್ದೂ ಅದಕ್ಕೇ ಅಲ್ಲವಾ? ನೀನು ಅವಳಿಗೆ ಮಾಡಿದ್ದು ಸಣ್ಣದಲ್ಲ, ನಾನು ಕೃತಘ್ನಳಲ್ಲ. ಆದರೆ ಮುದುಕರ ಹಾಸಿಗೆ ಬದಲಿಸಿ ಬದಲಿಸಿ ಮೂರು ವರ್ಷ ನಾನು ಇಲ್ಲಿ ಉಸಿರು ಹಿಡಿದದ್ದು ಇದೊಂದಕ್ಕೆ.

ರೂಪಾ

ಸಾಲಿಗ್ರಾಮ
15 ಜೂನ್ 2025

ರೂಪಾ,

ಕೇಳಿದೆಯಲ್ಲ, ಹೇಳುತ್ತೇನೆ. ಓದಿ ಮುಗಿಸುವವರೆಗೆ ಹರಿಯಬೇಡ.

ಶಾಲೆಗೆ ಸೇರಿಸಿದ ದಿನ ಹೆಡ್‌ಮಾಸ್ತರು ರಿಜಿಸ್ಟರು ಬಿಚ್ಚಿ "ತಾಯಿ ಹೆಸ್ರೇನಮ್ಮ?" ಎಂದರು. ಚಿನ್ನು ನನ್ನ ಸೆರಗು ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆದದ್ದು ನಿನ್ನ ಹೆಸರು ಹೇಳಲೆಂದೇ. "ಸುನಂದಮ್ಮ" ಎಂದುಬಿಟ್ಟೆ. ತಂದೆ ಹೆಸರು ಕೇಳಿದರು, ನಿನ್ನ ಭಾವನ ಹೆಸರನ್ನೇ ಹೇಳಿದೆ, ನಟರಾಜು ಎಂದು. ಅವರು ಬರೆದುಕೊಂಡರು, ಪುಟ ತಿರುವಿದರು. ಬಿಸಿಲಲ್ಲಿ ಮನೆಗೆ ನಡೆದು ಬರುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ನಿನ್ನ ಭಾವ ಕೇಳಿ "ಅದ್ಯಾಕಂಗೆ ಹೇಳ್ಬುಟ್ಟೆ ಅಮ್ಮಿ?" ಎಂದರು, ಆದರೆ ಬೈಯಲಿಲ್ಲ. ಆಮೇಲೆ ಆಧಾರ್ ತಿದ್ದಿಸುವಾಗ ಶಾಲೆಯ ಕಾಗದ ಕೇಳಿದರು, ಅಲ್ಲಿಯೂ ಅದೇ ಹೆಸರು ಹೋಯಿತು. ಈಗ ಜನನ ಪ್ರಮಾಣಪತ್ರದಲ್ಲಿ ನೀನು, ಮಿಕ್ಕ ಎಲ್ಲ ಕಡೆ ನಾನು.

ಇನ್ನೊಂದು ಇದೆ. ಅವಳು ನನ್ನನ್ನು ದೊಡ್ಡವ್ವ ಎಂದು ಕರೆಯುವುದು ಬಿಟ್ಟು ಎರಡು ವರ್ಷವಾಯಿತು. ಅವ್ವ ಎನ್ನುತ್ತಾಳೆ. ನಿನ್ನನ್ನು ಫೋನಮ್ಮ ಎನ್ನುತ್ತಾಳೆ. ನಾನು ತಿದ್ದಲಿಲ್ಲ. ನಿನ್ನ ಮುಖ ನೋಡಿ ಅವಳಿಗೆ ಜ್ವರ ಬಂದದ್ದು ಒಂದೇ ಸಲ, ಪ್ರತಿ ಸಲ ಅಲ್ಲ. ವಿಡಿಯೋ ಇಟ್ಟ ಮೇಲೆ ಅವಳು ಒಂದು ಗಳಿಗೆ ನನ್ನ ಹತ್ತಿರ ಬರುತ್ತಿರಲಿಲ್ಲ. ಅದು ನನಗೆ ತಡೆಯಲಾಗಲಿಲ್ಲ.

ಈಗ ನೀನು ಏನು ಬೇಕಾದರೂ ಅನ್ನು.

ಸುನಂದಾ

ಎಹಿಮೆ
6 ಜುಲೈ 2025

ಅಕ್ಕಾ,

ನಾಲ್ಕು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ನಿನ್ನನ್ನು ಕಳ್ಳಿ ಎಂದಿದ್ದೆ. ನಾಲ್ಕನೆಯದರಲ್ಲಿ ನನ್ನನ್ನೇ.

ಆ ದಿನ ಹೆಡ್‌ಮಾಸ್ತರ ಮುಂದೆ ಸೆರಗು ಹಿಡಿಯಲು ಕೊಟ್ಟವಳು ನೀನು. ಗುಳ್ಳೆ ಎದ್ದಾಗ ಬೇವು ಬೀಸಿದವಳು ನೀನು. ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳೆಂದು ಎದೆ ತಟ್ಟಿ ಹೇಳಲು ನನಗೆ ಬಾಯಿ ಬರುವುದಿಲ್ಲ. ವಿಡಿಯೋ ಕಿತ್ತುಕೊಂಡದ್ದನ್ನು ಮಾತ್ರ ಕ್ಷಮಿಸಲು ಸ್ವಲ್ಪ ದಿನ ಕೊಡು. ಆ ಒಂದು ವರ್ಷದಲ್ಲಿ ಅವಳ ಹಾಲುಹಲ್ಲು ಬಿದ್ದವು, ನಾನು ನೋಡಲಿಲ್ಲ.

ಆದರೂ ಅಕ್ಕ, ನನಗೆ ನನ್ನ ಮಗಳು ಬೇಕು. ಬೇರೆ ಯಾವ ರೀತಿಯಲ್ಲೂ ಇದನ್ನು ಬರೆಯಲು ಬಾರದು. ಹೆಸರು ತಿದ್ದಿಸು.

ನಿನ್ನ ರೂಪಾ

ಸಾಲಿಗ್ರಾಮ
2 ಆಗಸ್ಟ್ 2025

ರೂಪಾ,

ತಿದ್ದಿಸಿದೆ. ಕೆ.ಆರ್. ನಗರಕ್ಕೆ ಮೂರು ಸಲ ಹೋಗಿ ಬಂದೆವು. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಶಿಕ್ಷಣ ಇಲಾಖೆಯ ಆಫೀಸಿನಲ್ಲಿ ಅರ್ಜಿ ಕೊಟ್ಟು, ಅಲ್ಲಿಂದ ಕಾಗದ ತಂದು ಶಾಲೆಗೆ ಕೊಟ್ಟೆವು. ಆಧಾರ್ ಕೂಡ ಆಗಿದೆ. ಎಲ್ಲವನ್ನೂ ಇದರ ಜೊತೆ ಕಳಿಸುತ್ತಿದ್ದೇನೆ.

ಶಾಲೆಗೆ ಹೋದ ದಿನ ನಿನ್ನ ಭಾವ ಒಳಗೆ ಬರಲಿಲ್ಲ, ಹುಣಸೆಮರದ ಕೆಳಗೆ ನಿಂತು ಚಪ್ಪಲಿಯ ಮಣ್ಣು ಕೆರೆಯುತ್ತಿದ್ದರು. ಚಿನ್ನುವನ್ನು ಕ್ಲಾಸಿಗೆ ಕಳಿಸಿ ಮಾತಾಡೋಣವೆಂದಿದ್ದೆ, ಅವಳು ಕೈ ಬಿಡಲಿಲ್ಲ. ಹೆಡ್‌ಮಾಸ್ತರು ಕಾಗದವನ್ನೆಲ್ಲ ಓದಿ, ಕನ್ನಡಕ ತೆಗೆದು, "ಅಂಗಾದ್ರೆ ಈ ಮಗೂಗೆ ನೀವು ತಾಯಿ ಅಲ್ವೇನಮ್ಮ?" ಎಂದರು. ಬರೆದುಕೊಟ್ಟದ್ದು ಸಾಲದೆ ಬಾಯಲ್ಲೂ ಹೇಳಬೇಕಿತ್ತು. "ಅಲ್ಲ ಸಾ" ಎಂದೆ. ಚಿನ್ನುವಿನ ಕೈ ನನ್ನ ಕೈಯಲ್ಲೇ ಇತ್ತು.

ಎರಡು ದಿನ ಅವಳು ಶಾಲೆಯಿಂದ ಬಂದವಳೇ ಬೀರುವಿನ ಸಂದಿಯಲ್ಲಿ ಹೋಗಿ ಕೂತಳು. ಮೂರನೆಯ ದಿನ ತಲೆ ಬಾಚುವಾಗ ಕೇಳಿದಳು.

"ನೀ ನಂಗೇನಾಗ್ಬೇಕು?"

"ದೊಡ್ಡವ್ವ ಆಗ್ಬೇಕು ಕಣವ್ವ."

"ಅದು ನಂಗೊತ್ತು. ಸಾ ಮುಂದ್ಗಡೆ ಯಾಕೆ ಹೇಳ್ದೆ?"

ಜಡೆ ಬಿಗಿಯಾಗಿ ಹಾಕಿದೆ, ನೋಯುತ್ತೆ ಎಂದಳು, ಬಿಚ್ಚಿ ಮತ್ತೆ ಹಾಕಿದೆ. ನಿನ್ನ ಬಗ್ಗೆ ದಿನಾ ಹೇಳುತ್ತಿದ್ದೇನೆ. ವಿಡಿಯೋ ಮಾಡು, ಯಾವಾಗ ಬೇಕಾದರೂ ಮಾಡು. ನಾನು ಹಿತ್ತಲಿಗೆ ಹೋಗುತ್ತೇನೆ.

ಸುನಂದಾ

ಸಾಲಿಗ್ರಾಮ
16 ನವೆಂಬರ್ 2025

ರೂಪಾ,

ನೀನು ಪಕ್ಕದ ಕೋಣೆಯಲ್ಲಿ ಸೂಟ್‌ಕೇಸು ತುಂಬಿಸುತ್ತಿದ್ದೀಯ, ನಾನು ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಚಿನ್ನುವನ್ನು ಕರೆದೊಯ್ಯಲು ನೀನು ಬಂದ ಮೇಲೆ ಹತ್ತು ದಿನ ಒಂದೇ ಮನೆಯಲ್ಲಿದ್ದೂ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳ ಬ್ಯಾಗಿನಲ್ಲಿ ಸ್ವೆಟರಿನ ಕೆಳಗೆ ಇಟ್ಟಿರುತ್ತೇನೆ, ಅಲ್ಲಿಗೆ ಹೋಗಿ ಓದು.

ಅವಳಿಗೆ ಮೊಸರನ್ನಕ್ಕೆ ಉಪ್ಪು ಕಡಿಮೆ ಇರಬೇಕು. ಜ್ವರ ಬರುವ ಹಿಂದಿನ ದಿನ ಕಿವಿ ಕೆಂಪಾಗುತ್ತದೆ. ಸಿಟ್ಟು ಬಂದರೆ ಬೀರುವಿನ ಸಂದಿಯಲ್ಲಿ ಕೂರುತ್ತಾಳೆ, ಎಳೆಯಬೇಡ, ಹತ್ತಿರ ಕೂತು ಬೇರೆ ಏನಾದರೂ ಕೆಲಸ ಮಾಡು, ತಾನೇ ಬರುತ್ತಾಳೆ. ನಿನ್ನ ತೋಟದಲ್ಲಿ ಅವಳಿಗೆ ಬೈಯಲು ಆ ಅಜ್ಜಿಗೂ ಸ್ವಲ್ಪ ಅವಕಾಶ ಕೊಡು. ಬೈಯುವವರು ಇಬ್ಬರಿದ್ದರೆ ಮಕ್ಕಳಿಗೆ ಓಡಿಹೋಗಲು ಒಬ್ಬರಿರುತ್ತಾರೆ.

ನಾನು ಹೇಗಿರುತ್ತೇನೆ ಎಂದು ಕೇಳಬೇಡ. ನಾಳೆ ವಿಮಾನ ನಿಲ್ದಾಣಕ್ಕೆ ನಾನು ಬರುವುದಿಲ್ಲ, ನಿನ್ನ ಭಾವ ಬರುತ್ತಾರೆ. ಬಂದರೆ ಕೈ ಬಿಡುವುದಿಲ್ಲ.

ನೀನು ಹೋದ ಹೊಸದರಲ್ಲಿ ಆರು ತಿಂಗಳು ಅವಳು ನಿದ್ದೆಗಣ್ಣಿನಲ್ಲಿ ಎದ್ದು "ಅಮ್ಮಾ" ಎಂದು ಕೂಗುತ್ತಿದ್ದಳು. ಕೂಗುತ್ತಿದ್ದದ್ದು ನಿನ್ನನ್ನು. ನಾನು "ಓ" ಎನ್ನುತ್ತಿದ್ದೆ, ಮಲಗುತ್ತಿದ್ದಳು. ಈಗ "ಅವ್ವಾ" ಎಂದು ಕೂಗುತ್ತಾಳೆ. ಯಾರನ್ನು ಎಂದು ಕೇಳಬೇಡ ರೂಪಾ. ಓ ಅನ್ನು.

ಅಕ್ಕ